ದೋಣಿಯ ಮೋಟಾರಿನಲ್ಲಿ ಎಣ್ಣೆ ಎಷ್ಟಿದೆ?

ನಮ್ಮ ಸಂಘದ ಪತ್ರಿಕೆಯೆಂದರೆ ನಾಟಕ–ಯಕ್ಷಗಾನಗಳ ವರದಿ, ಮದುವೆ–ನಾಮಕರಣಗಳ ಸಮಾಚಾರ, ಮಕ್ಕಳ ಪರೀಕ್ಷೆಯ ಫಲಿತಾಂಶ, ಗೃಹಿಣಿಯರ ಅಡಿಗೆಯ ಪುಟ ಎಂದು ರೂಢಿ. ಇವುಗಳ ನಡುವೆ ಮೋಟಾರಿನ ಎಣ್ಣೆಯ ಮಾತೆತ್ತಿದರೆ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ಅಂಥವರಲ್ಲಿ ನನ್ನದೊಂದು ಬಿನ್ನಹ. ಮುಂಬಯಿಯ ಕನ್ನಡಿಗರಲ್ಲಿ ಕರಾವಳಿಯಿಂದ ಬಂದವರು ಕಡಮೆಯೇನಲ್ಲ. ಇಲ್ಲಿ ನಾವು ಕಚೇರಿ, ಹೋಟೆಲು, ಗ್ಯಾರೇಜುಗಳಲ್ಲಿ ದುಡಿಯುತ್ತಿದ್ದರೂ ಊರಿನಲ್ಲಿ ಅಣ್ಣನದೋ ಭಾವನದೋ ಅಳಿಯನದೋ ದೋಣಿ ಇಂದಿಗೂ ನೀರಿಗಿಳಿಯುತ್ತಿದೆ. ಆ ದೋಣಿಯ ಮೋಟಾರಿಗೆ ಹಣ ಹೋಗುವುದು ಎಷ್ಟೋ ಸಲ ಇಲ್ಲಿಂದಲೇ. ಹಣದ ಬೆನ್ನಿಗೆ ಬುದ್ಧಿವಾದವೂ ಹೋಗುತ್ತದೆ. ಹಣ ಕಳಿಸಿ ನಾನು ಕೆಟ್ಟಿಲ್ಲ. ಬುದ್ಧಿವಾದ ಕಳಿಸಿ ಒಮ್ಮೆ ಕೆಟ್ಟೆ. ಆ ಕಥೆಯನ್ನೂ ಅದರಿಂದ ಕಲಿತದ್ದನ್ನೂ ಇಲ್ಲಿ ಬರೆಯುತ್ತೇನೆ.

ನನ್ನ ಹುಟ್ಟೂರು ಗಂಗೊಳ್ಳಿಯ ಕಡೆ, ಪಂಚಗಂಗಾವಳಿಯ ಹೊಳೆ ಕಡಲು ಸೇರುವಲ್ಲಿ. ಹದಿನಾರರ ಹರಯದಲ್ಲಿ ಮುಂಬಯಿಗೆ ಬಂದು, ಹಗಲು ಮೋಟಾರು ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು, ಇರುಳು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ನಲವತ್ತು ವರ್ಷ ಕಾರು–ಲಾರಿಗಳ ನಡುವೆಯೇ ಕಳೆದವನು ನಾನು. ನಮ್ಮವರದು ಅಳಿಯಸಂತಾನದ ಕಟ್ಟು. ಕಾಯಿದೆ ಬದಲಾಗಿ ಎಷ್ಟೋ ಕಾಲವಾದರೂ ಸೋದರಮಾವನ ಮಾತಿಗೆ ಇರುವ ತೂಕ ಇನ್ನೂ ಇಳಿದಿಲ್ಲ. ಆದ್ದರಿಂದ 2022ರ ಮಳೆಗಾಲಕ್ಕೆ ಮುಂಚೆ ಅಕ್ಕನ ಮಗ ತನ್ನ ನಾಡದೋಣಿಗೆ ಹೊಸ ಮೋಟಾರು ಕೊಳ್ಳಬೇಕೆಂದಾಗ ಮೊದಲು ಫೋನು ಮಾಡಿದ್ದು ನನಗೆ.

ಮಳೆಗಾಲಕ್ಕೆ ಮುಂಚೆ ಎಂದೆನಲ್ಲ, ಅದಕ್ಕೂ ಕಾರಣವಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ದೊಡ್ಡ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವದು. 10 ಅಶ್ವಶಕ್ತಿಯ ವರೆಗಿನ ಮೋಟಾರು ಕಟ್ಟಿದ ನಾಡದೋಣಿಗಳಿಗೆ ಮಾತ್ರ ಅನುಮತಿ. ಬಡವನ ದೋಣಿಗೆ ಇರುವುದೇ ಆ ಎರಡು ತಿಂಗಳು. ಆ ದಿನಗಳಲ್ಲಿ ಮೋಟಾರು ಕೈಕೊಟ್ಟರೆ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ. ಅಳಿವೆಯ ಬಾಯಿಯಲ್ಲಿ ಕೈಕೊಟ್ಟರಂತೂ ಲೆಕ್ಕ ಕೇಳಲು ಆಳು ಉಳಿಯುವುದೂ ದೇವರ ಕೈಯಲ್ಲಿ.

ಹಳೆಯ ಮೋಟಾರು, ಹೊಸ ಮೋಟಾರು

ದೋಣಿಯ ಹಿಂತುದಿಗೆ ತಿರುಪು ಬಿಗಿದು ನೇತುಹಾಕುವ ಈ ಯಂತ್ರಕ್ಕೆ ನೂರು ವರ್ಷಕ್ಕೆ ಮಿಕ್ಕ ಇತಿಹಾಸವಿದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಓಲೆ ಎವಿನ್‌ರೂಡ್ ಎಂಬ ಕುಶಲಕರ್ಮಿ 1909ರಲ್ಲಿ ಮಿಲ್ವಾಕಿ ನಗರದಲ್ಲಿ ಇಂಥ ಮೋಟಾರನ್ನು ಮಾರಾಟಕ್ಕೆ ತಯಾರಿಸತೊಡಗಿದ. ಮೆಚ್ಚಿದ ಹುಡುಗಿಗೆ ಐಸ್ ಕ್ರೀಮು ತರಲು ಬಿಸಿಲಿನಲ್ಲಿ ಕೆರೆಯ ಆಚೆ ದಡಕ್ಕೆ ಹುಟ್ಟು ಹಾಕಿ ಹೋದನಂತೆ. ಹಿಂದಿರುಗುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಆ ದಿನವೇ ಅವನ ತಲೆಗೆ ದೋಣಿಯ ಮೋಟಾರು ಹೊಕ್ಕಿತೆಂದು ಕಥೆ ಹೇಳುತ್ತಾರೆ. ಆ ಹುಡುಗಿಯೇ ಮುಂದೆ ಅವನ ಹೆಂಡತಿಯಾಗಿ ವ್ಯಾಪಾರವನ್ನೂ ನೋಡಿಕೊಂಡಳು.

ಬಹುಕಾಲ ಈ ಮೋಟಾರುಗಳೆಲ್ಲ ಬಹುಮಟ್ಟಿಗೆ ಟೂ ಸ್ಟ್ರೋಕ್ ಜಾತಿಯವು. ಅವುಗಳಲ್ಲಿ ಎಣ್ಣೆಗೆ ಬೇರೆ ಮನೆಯಿಲ್ಲ. ಇಂಧನದೊಡನೆಯೇ ಎಣ್ಣೆ ಬೆರೆಸಬೇಕು. ಪೆಟ್ರೋಲಿನ ಯಂತ್ರಕ್ಕೆ ಸಾಮಾನ್ಯವಾಗಿ 50 ಪಾಲಿಗೆ ಒಂದು ಪಾಲು, ಎಂದರೆ ಲೀಟರಿಗೆ 20 ಮಿಲಿಲೀಟರು. ಎಣ್ಣೆ ಒಳಗೇ ಉರಿದು ಹೊಗೆಯಾಗಿ, ನೀರಿನ ಮೇಲೆ ಬಣ್ಣದ ಪೊರೆಯಾಗಿ ಹೋಗುತ್ತದೆ. ನಮ್ಮೂರಿನವರು ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದ ಮೋಟಾರುಗಳೂ ಇದೇ ಜಾತಿ. ಬೆರಕೆ ಸರಿಯಿದ್ದರೆ ಆಯಿತು. ಎಣ್ಣೆಯ ಮಟ್ಟ ನೋಡುವ ಪ್ರಮೇಯವೇ ಇರಲಿಲ್ಲ.

1964ರಲ್ಲಿ ಜಪಾನಿನ ಹೋಂಡಾ ಕಂಪೆನಿ ಫೋರ್ ಸ್ಟ್ರೋಕ್ ದೋಣಿ ಮೋಟಾರನ್ನು ಹೊರತಂದಿತು. ಕಾರಿನಂತೆ ಇದರಲ್ಲಿ ಎಣ್ಣೆ ಬೇರೆ ತೊಟ್ಟಿಯಲ್ಲಿದ್ದು, ಪಂಪಿನಿಂದ ಮೇಲೇರಿ, ಎಲ್ಲ ಕೀಲುಗಳನ್ನು ನೆನೆಸಿ ಮತ್ತೆ ಕೆಳಗಿಳಿಯುತ್ತದೆ. ಅಮೆರಿಕದಲ್ಲಿ 1996ರಲ್ಲಿ ಹೊಗೆಯ ಮೇಲೆ ಕಟ್ಟಳೆ ಬಂದು, ಆಮೇಲಿನ ಹತ್ತು ವರ್ಷಗಳಲ್ಲಿ ಹಳೆಯ ಮಾದರಿಗಳು ಹಿಂದೆ ಸರಿದು, ಫೋರ್ ಸ್ಟ್ರೋಕಿನವು ಲೋಕದ ತುಂಬ ಹರಡಿದವು. ನಮ್ಮ ಅಳಿಯ ಕೊಂಡದ್ದೂ ಅಂಥದೇ, 9.9 ಅಶ್ವಶಕ್ತಿಯದು. ಇಂಥ ಸಣ್ಣ ಮೋಟಾರಿನ ಹೊಟ್ಟೆಯಲ್ಲಿ ಹಿಡಿಯುವುದು ಸುಮಾರು 1 ಲೀಟರು ಎಣ್ಣೆ ಅಷ್ಟೇ. ಈ ಸಂಖ್ಯೆಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಡಬೇಕು.

ನಾನು ಮಾಡಿದ ತಪ್ಪು

ಜೂನ್ ತಿಂಗಳ ಒಂದು ಬೆಳಗ್ಗೆ ಫೋನು ಬಂತು.

“ಮಾವಾ, ಕಡ್ಡಿ ತೆಗೆದು ನೋಡಿದೆ. ಎಣ್ಣೆ ಕೆಳಗಿನ ಗುರುತು ಮುಟ್ಟುವುದಿಲ್ಲ. ಎಂತ ಮಾಡುವುದು?”

ಗ್ಯಾರೇಜಿನಲ್ಲಿ ಡಿಪ್‌ಸ್ಟಿಕ್ ಎಂದು ಕರೆಯುವ ಆ ಕಡ್ಡಿಯನ್ನು ನಾನು ಎಷ್ಟು ಸಾವಿರ ಸಲ ಎಳೆದಿದ್ದೇನೋ! ಯೋಚಿಸುವುದಕ್ಕೆ ಏನಿತ್ತು? “ಹಾಕು ನೂರೈವತ್ತು ಮಿಲಿಲೀಟರು” ಎಂದೆ. ಮರುದಿನ ಮತ್ತೆ ಫೋನು: “ಇನ್ನೂ ಕಮ್ಮಿಯೇ ಉಂಟು ಮಾವಾ.” “ಹೊಸ ಮೋಟಾರು, ಕುಡಿಯುತ್ತದೆ. ಇನ್ನೊಂದು ನೂರೈವತ್ತು ಹಾಕು.” ಮೂರನೆಯ ದಿನ ಇನ್ನೂ ನೂರು. “ಈಗ ಮೇಲಿನ ಗುರುತಿಗೆ ಬಂತು” ಎಂದು ಅವನು ಹೇಳಿದಾಗ, ಮುಂಬಯಿಯಲ್ಲಿ ಕುಳಿತೇ ದೋಣಿ ನಡೆಸಿದೆನೆಂಬ ಹೆಮ್ಮೆ ನನಗೆ.

ಅದೇ ದಿನ ಮಧ್ಯಾಹ್ನ ಮೂವರು ಬಲೆ ಎಳೆದುಕೊಂಡು ಅಳಿವೆಯತ್ತ ಮರಳುತ್ತಿದ್ದರು. ಮೋಟಾರು ನೀಲಿ ಹೊಗೆ ಕಾರಿತು, ಕೆಮ್ಮಿತು, ನಿಂತಿತು. ಹಗ್ಗ ಎಳೆದರೂ ಹೊತ್ತಲಿಲ್ಲ. ಹಿಂದಿನಿಂದ ಕಡಲಿನ ತೆರೆ, ಮುಂದಿನಿಂದ ಮಳೆಯ ಹೊಳೆ, ನಡುವೆ ಮರಳಿನ ದಿಬ್ಬ. ಅಳಿವೆಯನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಹುಟ್ಟು ಹಾಕಿ ದೋಣಿಯ ಮುಖವನ್ನು ತೆರೆಗೆ ನೇರ ಹಿಡಿದುಕೊಂಡು ಅರ್ಧ ಗಂಟೆ ಹೋರಾಡಿದರು. ಆಮೇಲೆ ಬಂದ ಇನ್ನೊಂದು ನಾಡದೋಣಿಯವರು ಹಗ್ಗ ಎಸೆದು ಎಳೆದು ತಂದರು. ಭಾರ ಇಳಿಸಲು ಬಲೆಯನ್ನೂ ಮೀನನ್ನೂ ನೀರಿಗೆ ಬಿಟ್ಟಿದ್ದರು. ಜೀವ ಉಳಿಯಿತು.

ರಾತ್ರಿ ಅಕ್ಕ ಫೋನಿನಲ್ಲಿ ಹೆಚ್ಚೇನೂ ಆಡಲಿಲ್ಲ. “ನೀನು ಹೇಳಿದ ಹಾಗೆಯೇ ಮಾಡಿದ್ದನಂತೆ ತಮ್ಮಾ” ಎಂದಳು, ಅಷ್ಟೇ. ಮರುದಿನವೇ ಮತ್ಸ್ಯಗಂಧ ಗಾಡಿ ಹಿಡಿದು ಊರಿಗೆ ಹೊರಟೆ.

ಊರಿನ ದಕ್ಕೆಯ ಹತ್ತಿರ ದೋಣಿ ಮೋಟಾರು ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ನನಗಿಂತ ಹತ್ತು ವರ್ಷ ದೊಡ್ಡವರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಮೋಟಾರನ್ನು ನೋಡುವುದಕ್ಕೂ ಮೊದಲು ಅವರು ನನ್ನ ಅಳಿಯನನ್ನು ಕೇಳಿದ್ದು ಎರಡೇ ಪ್ರಶ್ನೆ.

“ಎಣ್ಣೆ ನೋಡಿದ್ದು ಎಲ್ಲಿ?”

“ಬೆಳಗ್ಗೆ, ಮರಳಿನ ಮೇಲೆ.”

“ಮೋಟಾರು ಎತ್ತಿಯೇ ಇತ್ತಾ?”

“ಹೌದು. ಇಳಿಸಿದರೆ ಪಂಖ ಮರಳಿಗೆ ತಾಗುತ್ತದಲ್ಲ?”

ಹಿರಿಯರು ನನ್ನ ಕಡೆ ತಿರುಗಿ ನಕ್ಕರು. “ಚೊಂಬು ಓರೆ ಹಿಡಿದು ನೀರು ಅಳೆದ ಹಾಗಾಯಿತಲ್ಲ ಮಾರ್ರೆ!” ಎಂದರು. ನಲವತ್ತು ವರ್ಷದ ನನ್ನ ವಿದ್ಯೆ ಆ ಒಂದು ಮಾತಿನಲ್ಲಿ ಮಣ್ಣುಪಾಲಾಯಿತು.

ಮೋಟಾರನ್ನು ಅವರ ಅಂಗಡಿಯ ಮರದ ಕುದುರೆಗೆ ನೆಟ್ಟಗೆ ಕಟ್ಟಿ ರಾತ್ರಿಯೆಲ್ಲ ಬಿಟ್ಟೆವು. ಬೆಳಗ್ಗೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗುರುತನ್ನು ದಾಟಿ ಬೆರಳಗಲ ನಿಂತಿತ್ತು. ಮೊದಲಿಗೆ ಎಣ್ಣೆ ಕಡಮೆಯಾಗಿರಲೇ ಇಲ್ಲ! 1 ಲೀಟರಿನ ಹೊಟ್ಟೆಗೆ 400 ಮಿಲಿಲೀಟರು ಹೆಚ್ಚಿಗೆ ಸುರಿಸಿದ್ದೆ ನಾನು. ಹೆಚ್ಚಾದ ಎಣ್ಣೆ ಒಳಗೆ ನೊರೆಯೆದ್ದು, ಉಸಿರಾಟದ ನಳಿಗೆಯಿಂದ ಗಾಳಿ ಎಳೆಯುವ ದಾರಿಗೆ ನುಗ್ಗಿ, ಸ್ಪಾರ್ಕ್ ಪ್ಲಗ್ಗುಗಳನ್ನು ಎಣ್ಣೆಯಲ್ಲಿ ಅದ್ದಿಬಿಟ್ಟಿತ್ತು. ಕಿಡಿ ಹಾರುವುದು ಹೇಗೆ?

ಕಾರಿಗೂ ಇದಕ್ಕೂ ಏನು ಭೇದ?

ಕಾರು ನಾಲ್ಕು ಚಕ್ರದ ಮೇಲೆ ನಿಲ್ಲುವ ಪ್ರಾಣಿ. ಸಪಾಟು ನೆಲದಲ್ಲಿ ನಿಲ್ಲಿಸಿದರೆ ಅದರ ಎಂಜಿನ್ನು ಯಾವಾಗಲೂ ಒಂದೇ ನಿಲುವಿನಲ್ಲಿರುತ್ತದೆ. ಅದರ ಮುಖ್ಯ ದಂಡ, ಎಂದರೆ ಕ್ರ್ಯಾಂಕು, ಅಡ್ಡಕ್ಕೆ ಮಲಗಿರುತ್ತದೆ. ಎಣ್ಣೆ ನೇರ ಕೆಳಗಿನ ತೊಟ್ಟಿಗೆ ಬೀಳುತ್ತದೆ. ದೋಣಿಯ ಮೋಟಾರಿನಲ್ಲಿ ಆ ದಂಡ ಕಂಬದಂತೆ ನೆಟ್ಟಗೆ ನಿಂತಿರುತ್ತದೆ. ತಲೆ ಮೇಲೆ, ಎಣ್ಣೆಯ ತೊಟ್ಟಿ ತಲೆಯ ಕೆಳಗೆ, ಉದ್ದನೆಯ ಕಾಲು ನೀರಿನಲ್ಲಿ. ಸಾಲದ್ದಕ್ಕೆ ಇಡೀ ಯಂತ್ರವನ್ನು ಮುಂದಕ್ಕೆ ಬಗ್ಗಿಸಿ ಕಾಲನ್ನು ನೀರಿನಿಂದ ಮೇಲೆತ್ತುವ ಕೀಲು ಬೇರೆ. ಹಾಗೆ ಎತ್ತಿದಾಗ ತೊಟ್ಟಿ ಓರೆಯಾಗುತ್ತದೆ. ಎಣ್ಣೆ ಒಂದು ಬದಿಗೆ ಸರಿಯುತ್ತದೆ. ಒಂದು ಪಾಲು ತಲೆಯೊಳಗಿನ ಸಂದುಗೊಂದುಗಳಲ್ಲಿ ಸೇರಿಕೊಳ್ಳುತ್ತದೆ. ಕಡ್ಡಿ ಇರುವ ಜಾಗವನ್ನು ಅವಲಂಬಿಸಿ ಕೆಲವು ಮಾದರಿಗಳಲ್ಲಿ ಮಟ್ಟ ಕಡಮೆ ತೋರುತ್ತದೆ, ಕೆಲವದರಲ್ಲಿ ಹೆಚ್ಚು. ಎರಡೂ ಸುಳ್ಳೇ. ಮೋಟಾರನ್ನು ಮತ್ತೆ ನೆಟ್ಟಗೆ ನಿಲ್ಲಿಸಿದೊಡನೆ ನಿಜ ತಿಳಿಯುವುದಿಲ್ಲ. ಸಂದಿಗೆ ಹೋದ ಎಣ್ಣೆ ಇಳಿದು ಬರಲು ಹೊತ್ತು ಬೇಕು.

ಕಡ್ಡಿಯ ಮೇಲಿನ ಗುರುತುಗಳನ್ನು ಕಾರ್ಖಾನೆಯವರು ಕೊರೆದದ್ದು ನೆಟ್ಟಗೆ ನಿಂತು ದಣಿವಾರಿದ ಮೋಟಾರಿಗೆ. ಬೇರೆ ಯಾವ ನಿಲುವಿಗೂ ಆ ಗುರುತುಗಳು ಹೊಂದುವುದಿಲ್ಲ. ಉಳಿದ ಕ್ರಮಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ನೋಡುವ ಕ್ರಮ

ಮೊದಲನೆಯದು ಜಾಗ. ಮರಳಿನ ಇಳಿಜಾರಿನಲ್ಲಿ ದೋಣಿಯೇ ಓರೆಯಾಗಿರುತ್ತದೆ, ಅಲ್ಲಿ ನೋಡಬಾರದು. ಹೊಳೆಯ ಒಳಗೆ ತೆರೆಯಿಲ್ಲದ ನೀರಿನಲ್ಲಿ ನೋಡಬಹುದು. ಇಲ್ಲವೇ ಮೋಟಾರನ್ನು ಬಿಚ್ಚಿ ಮರದ ಕುದುರೆಗೆ ಕಟ್ಟಿ ನೋಡಬಹುದು. ನೀರಿನಲ್ಲಿ ನೋಡುವಾಗ ಇಬ್ಬರು ಮೂವರು ಹಿಂದಕ್ಕೆ ಬಂದು ಇಣಕಿದರೆ ದೋಣಿಯ ಹಿಂತುದಿ ತಗ್ಗಿ ಮೋಟಾರೂ ವಾಲುತ್ತದೆ. ನೋಡುವವನೊಬ್ಬನೇ ಹಿಂದಿದ್ದು ಉಳಿದವರು ಮುಂದೆ ಕೂರಲಿ.

ಎರಡನೆಯದು ನಿಲುವು. ಮೋಟಾರು ನೆಟ್ಟಗಿದೆಯೇ ಎಂಬುದನ್ನು ಕಣ್ಣಳತೆಗೆ ಬಿಡಬಾರದು. ದಕ್ಕೆಯ ಹಿರಿಯರು ಬಲೆಯ ಸೀಸದ ಗುಂಡೊಂದನ್ನು ದಾರಕ್ಕೆ ಕಟ್ಟಿ, ಮೋಟಾರಿನ ಕಾಲಿನ ಪಕ್ಕದಲ್ಲಿ ಇಳಿಬಿಟ್ಟು ತೋರಿಸಿದರು. ದಾರವೂ ಕಾಲೂ ಒಂದೇ ನೇರಕ್ಕೆ ಬರಬೇಕು. ಹಿಂದಿನಿಂದಲೂ ನೋಡಬೇಕು, ಪಕ್ಕದಿಂದಲೂ ನೋಡಬೇಕು. ಕುದುರೆಗೆ ಕಟ್ಟಿದ್ದರೆ ಪಂಖದ ಮೇಲಿರುವ ಅಡ್ಡ ತಟ್ಟೆಯ ಮೇಲೆ ಗಾರೆಯವರ ರಸಮಟ್ಟವನ್ನಿಟ್ಟು ನೋಡಿದರೂ ಆದೀತು.

ಮೂರನೆಯದು ಹೊತ್ತು. ಅತ್ಯುತ್ತಮ ಹೊತ್ತೆಂದರೆ ಮೋಟಾರು ರಾತ್ರಿಯೆಲ್ಲ ನೆಟ್ಟಗೆ ನಿಂತು ತಣ್ಣಗಿರುವಾಗ, ಚಾಲೂ ಮಾಡುವುದಕ್ಕೆ ಮುಂಚೆ. ಓಡಿಸಿ ನಿಲ್ಲಿಸಿದ ಮೇಲೆ ನೋಡಬೇಕಾದರೆ ಎಣ್ಣೆ ಇಳಿಯಲು ಹತ್ತು–ಹದಿನೈದು ನಿಮಿಷವಾದರೂ ಕೊಡಬೇಕು. ಇಡೀ ರಾತ್ರಿ ಎತ್ತಿಟ್ಟ ಮೋಟಾರಾದರೆ ಇನ್ನೂ ಹೆಚ್ಚು. ಎಷ್ಟು ಎಂಬುದನ್ನು ಆಯಾ ಮೋಟಾರಿನ ಕೈಪಿಡಿ ಹೇಳುತ್ತದೆ. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದದು.

ನಾಲ್ಕನೆಯದು ಕೈ. ಕಡ್ಡಿಯನ್ನು ಮೊದಲ ಸಲ ಎಳೆದಾಗ ಕಾಣುವುದನ್ನು ನಂಬಬಾರದು. ನಳಿಗೆಯ ಗೋಡೆಗೆ ಮೆತ್ತಿದ ಎಣ್ಣೆ ಕಡ್ಡಿಗೂ ಮೆತ್ತಿರುತ್ತದೆ. ನಾರು ಬಿಡದ ಶುಭ್ರ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ಇಳಿಸಿ, ಒಂದು ಕ್ಷಣ ತಡೆದು, ನೇರವಾಗಿ ಎಳೆಯಬೇಕು. ಎರಡು ಮುಖವನ್ನೂ ನೋಡಿ, ಎರಡರಲ್ಲಿ ಕಡಮೆ ತೋರುವುದನ್ನು ಹಿಡಿಯಬೇಕು. ಹೀಗೆ ಎರಡು ಮೂರು ಸಲ ಮಾಡಿದಾಗ ಒಂದೇ ಉತ್ತರ ಬಂದರೆ ಅದೇ ಸರಿ. ಹೊಸ ಎಣ್ಣೆ ತಿಳಿಯಾಗಿರುವುದರಿಂದ ಗೆರೆ ಸುಲಭವಾಗಿ ಕಾಣದು. ಬಿಳಿಯ ಕಾಗದದ ಮುಂದೆ ಹಿಡಿದರೆ ತಿಳಿಯುತ್ತದೆ. ಕೆಲವು ಮೋಟಾರುಗಳಲ್ಲಿ ಕಡ್ಡಿಯ ಮುಚ್ಚಳಕ್ಕೆ ತಿರುಪು ಇರುತ್ತದೆ. ತಿರುಪಿ ಬಿಗಿದು ನೋಡಬೇಕೋ, ಬರಿದೇ ಇಳಿಸಿ ನೋಡಬೇಕೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಇದನ್ನೂ ಕೈಪಿಡಿಯಲ್ಲೇ ನೋಡಬೇಕು. ತೀರ ಸಣ್ಣ ಮೋಟಾರುಗಳಲ್ಲಿ ಕಡ್ಡಿಯ ಬದಲು ಗಾಜಿನ ಕಿಟಕಿ ಇರುವುದುಂಟು. ಅದಕ್ಕೂ ನಿಲುವಿನ ನಿಯಮ ತಪ್ಪಿದ್ದಲ್ಲ.

ಎರಡು ಗುರುತುಗಳ ನಡುವೆ ಎಲ್ಲಿದ್ದರೂ ಎಣ್ಣೆ ಸಾಕಷ್ಟಿದೆ ಎಂದೇ ಅರ್ಥ. ಮೇಲಿನ ಗುರುತಿಗೇ ಮುಟ್ಟಿಸಬೇಕೆಂಬ ಹಟ ಬೇಡ. ನಿಜವಾಗಿ ಕಡಮೆಯಿದ್ದರೆ ಒಂದು ಸಲಕ್ಕೆ 50 ಮಿಲಿಲೀಟರಿನಂತೆ ಹಾಕಿ, ಕೆಲವು ನಿಮಿಷ ಕಾದು, ಮತ್ತೆ ನೋಡಬೇಕು. ಹೆಚ್ಚಾಗಿದ್ದರೆ ಓಡಿಸಲೇಬಾರದು, ಕಡ್ಡಿಯ ತೂತಿನಿಂದ ಸಣ್ಣ ನಳಿಗೆ ಇಳಿಸಿ ಕೈಪಂಪಿನಿಂದ ಹೀರಿ ತೆಗೆಯಬಹುದು. ತೆಗೆದ ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ನಮಗೆ ಅನ್ನ ಕೊಡುವ ನೀರಿಗೆ ಅದನ್ನು ಚೆಲ್ಲುವುದು ಬೇಡ.

ಮಟ್ಟ ಏರಿದರೆ, ಇಳಿದರೆ

ಸರಿಯಾಗಿ ನೋಡಲು ಕಲಿತವನಿಗೆ ಕಡ್ಡಿ ಇನ್ನೂ ಕೆಲವು ಸಮಾಚಾರ ಹೇಳುತ್ತದೆ. ಯಾರೂ ಹಾಕದೆ ಎಣ್ಣೆ ಏರುತ್ತಿದ್ದರೆ ಹಿಗ್ಗಬಾರದು. ಮೋಟಾರು ಬಿಸಿಯೇರದೆ ಬಹಳ ಹೊತ್ತು ನಿಧಾನವಾಗಿ ಓಡಿದರೆ ಉರಿಯದ ಪೆಟ್ರೋಲು ಎಣ್ಣೆಗೆ ಇಳಿದು ಸೇರುತ್ತದೆ. ಕಡ್ಡಿಯನ್ನು ಮೂಸಿದರೆ ವಾಸನೆಯೇ ಹೇಳುತ್ತದೆ. ಅಂಥ ಎಣ್ಣೆ ತೆಳ್ಳಗಾಗಿ ಕೀಲುಗಳನ್ನು ಕಾಯುವ ಶಕ್ತಿ ಕಳೆದುಕೊಂಡಿರುತ್ತದೆ, ಬದಲಿಸುವುದೇ ಲೇಸು. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಉಪ್ಪುನೀರಾದರೆ ಒಂದು ದಿನವೂ ತಡಮಾಡದೆ ಬಲ್ಲವರಿಗೆ ತೋರಿಸಬೇಕು.

ಎಣ್ಣೆ ತೀರ ಕಡಮೆಯಾದರೆ ಪಂಪು ಎಣ್ಣೆಯ ಬದಲು ಗಾಳಿ ಎಳೆದು, ಬೇರಿಂಗು ಉರಿದು, ದಂಡ ಕಚ್ಚಿಕೊಳ್ಳುತ್ತದೆ. ಕೆಂಪು ದೀಪವೋ ಕೂಗುವ ಗಂಟೆಯೋ ಇದೆಯಲ್ಲ ಎಂದು ಕೆಲವರು ಧೈರ್ಯವಾಗಿರುತ್ತಾರೆ. ಆದರೆ ಸಾಮಾನ್ಯವಾಗಿ ಆ ದೀಪ ನೋಡುವುದು ಎಣ್ಣೆಯ ಒತ್ತಡವನ್ನು, ಮಟ್ಟವನ್ನಲ್ಲ. ಒತ್ತಡ ಇಳಿದು ದೀಪ ಹೊತ್ತುವ ಹೊತ್ತಿಗೆ ಮೋಟಾರಿಗೆ ಪೆಟ್ಟು ಬೀಳತೊಡಗಿರುತ್ತದೆ. ಹೊಸ ಮೋಟಾರಿನ ಎಣ್ಣೆಯನ್ನು ಸಾಮಾನ್ಯವಾಗಿ ಮೊದಲ 20 ಗಂಟೆ ಓಡಿದ ಮೇಲೆ, ಆಮೇಲೆ ಪ್ರತಿ 100 ಗಂಟೆಗೊಮ್ಮೆ ಬದಲಿಸಬೇಕು. ಪಂಖದ ಬಳಿ ಇರುವ ಗೇರು ಎಣ್ಣೆಯ ಲೆಕ್ಕ ಬೇರೆಯೇ; ಅದು ಈ ಕಡ್ಡಿಗೆ ಸಿಕ್ಕುವುದಿಲ್ಲ.

ಈಗ ನಮ್ಮ ಮನೆಯಲ್ಲಿ

ಪ್ಲಗ್ಗು ತೊಳೆದು, ಎಣ್ಣೆಯನ್ನೆಲ್ಲ ಬದಲಿಸಿದ ಮೇಲೆ ಮೋಟಾರು ಮೊದಲ ಎಳೆತಕ್ಕೇ ಹೊತ್ತಿಕೊಂಡಿತು. ದೈವಕೃಪೆಯಿಂದ ಒಳಗೆ ಏನೂ ಕೆಟ್ಟಿರಲಿಲ್ಲ. ಆದರೆ ಮಳೆಗಾಲದ ಒಂದು ವಾರ ಹೋಯಿತು, ಬಲೆ ಹೋಯಿತು. ಬಲೆಯ ಹಣವನ್ನು ನಾನೇ ಕೊಟ್ಟೆ. ಅಕ್ಕ ಬೇಡವೆಂದಳು, ನಾನು ಕೇಳಲಿಲ್ಲ.

ದಕ್ಕೆಯ ಹಿರಿಯರ ಸಲಹೆಯಂತೆ ಮನೆಯಂಗಳದಲ್ಲಿ ಹಲಸಿನ ಹಲಗೆಯ ಒಂದು ಕುದುರೆ ಮಾಡಿಸಿದ್ದೇವೆ. ಸಂಜೆ ದೋಣಿ ಬಂದೊಡನೆ ಇಬ್ಬರು ಮೋಟಾರನ್ನು ಹೊತ್ತು ತಂದು, ಸಿಹಿನೀರಿನಿಂದ ತೊಳೆದು, ಅದಕ್ಕೆ ನೆಟ್ಟಗೆ ಕಟ್ಟುತ್ತಾರೆ. ಬೆಳಗ್ಗೆ ಹೊರಡುವ ಮುಂಚೆ ಕಡ್ಡಿ ನೋಡುವ ಕೆಲಸ ಅಳಿಯನದು. ಬರೆದಿಡುವ ಕೆಲಸ ಅಕ್ಕನದು. ಶಾಲೆಯ ಮಕ್ಕಳ ಗೆರೆ ಪುಸ್ತಕವೊಂದರಲ್ಲಿ ತಾರೀಖು, ಓಡಿದ ಗಂಟೆ, ಕಡ್ಡಿಯ ಮಟ್ಟ, ಎಣ್ಣೆಯ ಬಣ್ಣ ಎಂದು ನಾಲ್ಕು ಮನೆ ಹಾಕಿಕೊಂಡಿದ್ದಾಳೆ. ಎಣ್ಣೆ ದಿನಕ್ಕೆ ಎಷ್ಟು ಇಳಿಯುತ್ತದೆಂಬುದು ಆ ಪುಸ್ತಕ ನೋಡಿದರೆ ತಿಳಿಯುತ್ತದೆ. ಯಾರ ನೆನಪನ್ನೂ ನಂಬಬೇಕಾಗಿಲ್ಲ.

ಈಗಲೂ ಅಳಿಯ ಒಮ್ಮೊಮ್ಮೆ ಫೋನು ಮಾಡುತ್ತಾನೆ. “ಮಾವಾ, ಎಣ್ಣೆ ಸ್ವಲ್ಪ ಕಮ್ಮಿ ಕಾಣುತ್ತದೆ” ಎನ್ನುತ್ತಾನೆ. ನಾನು ಎಷ್ಟು ಹಾಕಬೇಕೆಂದು ಹೇಳುವುದಿಲ್ಲ. “ಮೋಟಾರು ಹೇಗೆ ನಿಂತಿದೆ?” ಎಂದು ಮೊದಲು ಕೇಳುತ್ತೇನೆ. ಊರಿಗೆ ದೂರದಿಂದ ಬುದ್ಧಿ ಹೇಳುವ ನನ್ನಂಥ ಮಾವಂದಿರು ಈ ಸಂಘದಲ್ಲಿ ಇನ್ನೂ ಅನೇಕರಿರಬಹುದು. ಅವರೂ ಮೊದಲು ಅದನ್ನೇ ಕೇಳಲಿ ಎಂದು ಇಷ್ಟು ಬರೆದೆ.